ಸೋಫಾ ಬಿಚ್ಚಿ ಹೆಲ್ಮೆಟ್ ತುಂಬಿದ ಕಥೆ

ನನ್ನ ಹೆಲ್ಮೆಟ್ ಎರಡೂ ಮುಕ್ಕಾಲು ಕೆಜಿ ಇದೆ. ಬೈಕಿನದಲ್ಲ, ಉಕ್ಕಿನದು. 15ನೇ ಶತಮಾನದ ಯುರೋಪಿನಲ್ಲಿ ಸೈನಿಕರು ಹಾಕುತ್ತಿದ್ದ ‘ಸ್ಯಾಲೆಟ್’ ಅನ್ನುವ ಮಾದರಿ. ಮುಂದೆ ಹಣೆ ಮುಚ್ಚುತ್ತದೆ, ಹಿಂದೆ ಕತ್ತಿನ ಮೇಲೆ ಬಾಲದ ಹಾಗೆ ಚಾಚಿಕೊಂಡಿರುತ್ತದೆ.

ನಾನು ತಿಪಟೂರಿನವನು. ಕೆಲಸಕ್ಕೆ ಅಂತ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದವನು, ಒಂದು ಜುಲೈನಲ್ಲಿ ಸ್ನೇಹಿತರ ಜೊತೆ ಸುಮ್ನೆ ನೋಡಲು ಟ್ಯೂಕ್ಸ್‌ಬರಿಗೆ ಹೋದೆ. 1471ರ ಮೇ 4ರಂದು ಇಂಗ್ಲೆಂಡಿನ ಸಿಂಹಾಸನಕ್ಕೆ ಎರಡು ರಾಜಮನೆತನಗಳು ಕಾದಾಡುತ್ತಿದ್ದಾಗ, ರಾಜ ನಾಲ್ಕನೇ ಎಡ್ವರ್ಡ್‌ನ ಯಾರ್ಕ್ ಪಡೆ ಅಲ್ಲಿ ಲ್ಯಾಂಕಾಸ್ಟರ್ ಪಡೆಯನ್ನು ಸೋಲಿಸಿತ್ತು. ಈಗ ಪ್ರತಿ ಬೇಸಿಗೆಯಲ್ಲಿ ಆ ಯುದ್ಧವನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುತ್ತಾರೆ. ನೋಡಲು ಹೋದವನು ಮರುವರ್ಷ ಬಯಲೊಳಗೇ ಇದ್ದೆ. ಕತ್ತಿಗೆ ಮೊನೆ ಇರುವುದಿಲ್ಲ, ನಿಜ. ಆದರೆ ತಲೆ ಮೇಲೆ ಬೀಳುವ ಏಟು ನಿಜವಾದದ್ದೇ.

ಮೊದಲ ಸಲ ಹೆಲ್ಮೆಟ್ ಒಳಗೆ ಫೋಮ್ ಅಂಟಿಸಿಕೊಂಡಿದ್ದೆ. ಹತ್ತು ನಿಮಿಷಕ್ಕೆ ಬೆವರು ಕಣ್ಣಿಗಿಳಿಯಿತು. ಸಂಜೆಗೆ ಗಮ್ ಬಿಟ್ಟು ಫೋಮ್ ಕಿವಿ ಮೇಲೆ ಜೋತುಬಿದ್ದಿತ್ತು. ನಮ್ಮ ಗುಂಪಿನಲ್ಲಿ ಬಟ್ಟೆಬರೆ, ಆಯುಧ ಎಲ್ಲ ಆ ಕಾಲಕ್ಕೆ ಹೊಂದುತ್ತದಾ ಅಂತ ನೋಡುವವರು ಒಬ್ಬರಿದ್ದಾರೆ. ಅವರು ಒಳಗೆ ಇಣುಕಿ ನೋಡಿ ಏನೂ ಹೇಳಲಿಲ್ಲ. ಅದೇ ಸಾಕಾಯಿತು.

ಆ ಕಾಲದ ಹೆಲ್ಮೆಟ್‌ಗಳು ಬೇಕಾದಷ್ಟು ಉಳಿದಿವೆ. ಒಳಗಿನ ಮೆತ್ತೆ ಉಳಿದಿರುವುದು ಬಹಳ ಕಮ್ಮಿ. ಬಟ್ಟೆ, ಕೂದಲು ಎಲ್ಲ ಹುಳು ತಿಂದುಬಿಡುತ್ತದೆ ಅಲ್ವಾ. ಅಗಸೆ ಗಿಡದ ಸಿಕ್ಕುನಾರು, ಹತ್ತಿ, ಉಣ್ಣೆ, ಕುದುರೆ ಕೂದಲು, ಇವೆಲ್ಲ ನಮ್ಮವರು ತುಂಬಿ ನೋಡಿರುವ ಸಾಮಾನು. ಹತ್ತಿ ಬೆವರು ಕುಡಿದು ಗಟ್ಟಿಯಾಗುತ್ತದೆ. ಉಣ್ಣೆ ಕಂಬಳಿ ಆಗಿಬಿಡುತ್ತದೆ. ಕುದುರೆ ಕೂದಲು ಮಾತ್ರ ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಏಳುತ್ತದೆ, ಒಳಗೆ ಗಾಳಿಯೂ ಆಡುತ್ತದೆ. ಇದು ಬರೀ ಹಳೇ ಕಾಲದ ಮಾತೂ ಅಲ್ಲ. 1916ರ ಜರ್ಮನ್ ಸೈನಿಕರ ಹೆಲ್ಮೆಟ್ ಒಳಗಿನ ಮೂರು ಚರ್ಮದ ಮೆತ್ತೆಗಳಿಗೂ ಕುದುರೆ ಕೂದಲೇ ತುಂಬಿದ್ದು.

ಸರಿ, ಕುದುರೆ ಕೂದಲು ತಾನೇ, ಇಂಗ್ಲೆಂಡಿನಲ್ಲಿ ಕುದುರೆಗೇನು ಬರ ಅಂದುಕೊಂಡೆ. ಪಕ್ಕದ ಹಳ್ಳಿಯ ಲಾಯದಲ್ಲಿ ಕೇಳಿದರೆ, ಬಾಲ ಕತ್ತರಿಸಿದಾಗ ಉಳಿದ ಕೂದಲನ್ನು ಒಂದು ಚೀಲ ಪುಕ್ಕಟೆ ಕೊಟ್ಟರು. ಮನೆಗೆ ತಂದು ತೊಳೆದು ಬಾಲ್ಕನಿಯಲ್ಲಿ ಒಣಹಾಕಿದ್ದೆ. ಆಗಲೇ ಅಮ್ಮನ ವಿಡಿಯೋ ಕಾಲ್. “ಏನೋ ಅದು, ಯಾರ ಚೌರಿ?” ಅಂದರು. ಕುದುರೆ ಬಾಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಊಟ ಮಾಡ್ದ್ಯಾ?” ಅಂತ ಕೇಳಿದರು.

ಆ ಕೂದಲನ್ನು ಹಾಗೇ ತುಂಬಿದೆ. ಅಲ್ಲೇ ತಪ್ಪಿದ್ದು. ಬಾಲದ ಕೂದಲು ಉದ್ದ, ನುಣುಪು, ನೇರ. ಒತ್ತಿದರೆ ಜಡೆಯ ಹಾಗೆ ಒಂದರ ಪಕ್ಕ ಒಂದು ಮಲಗಿಬಿಡುತ್ತದೆ. ಅರ್ಧ ದಿನದ ಅಭ್ಯಾಸ ಮುಗಿಯುವಷ್ಟರಲ್ಲಿ ನೆತ್ತಿಯ ಕೂದಲೆಲ್ಲ ಜಾರಿ ಕಿವಿಯ ಹತ್ತಿರ ಗಂಟಾಗಿತ್ತು. ತಲೆಗೂ ಉಕ್ಕಿಗೂ ನಡುವೆ ಬರೀ ಎರಡು ಪದರ ಬಟ್ಟೆ.

ಹಳೇ ಸೋಫಾ ರಿಪೇರಿ ಮಾಡುವ ಒಬ್ಬ ಮುದುಕರು ಗುಟ್ಟು ಬಿಟ್ಟುಕೊಟ್ಟರು. ಅವರ ಅಂಗಡಿಯ ಮೂಲೆಯಲ್ಲಿ ಹೆಬ್ಬೆರಳು ದಪ್ಪದ ಕಪ್ಪು ಹಗ್ಗ ಸುತ್ತಿಟ್ಟಿತ್ತು. ಕೂದಲನ್ನು ಬಿಗಿಯಾಗಿ ಹಗ್ಗ ಹೊಸೆದು, ಹಬೆಯಲ್ಲಿ ಬೇಯಿಸಿ, ಹಾಗೇ ಒಣಗಿಸಿಡುತ್ತಾರೆ. ಬೇಕಾದಾಗ ಹುರಿ ಬಿಚ್ಚಿ ಹಿಂಜುತ್ತಾರೆ. ಅವರು ಒಂದು ಎಳೆ ತೆಗೆದು ನನ್ನ ಅಂಗೈ ಮೇಲಿಟ್ಟರು. ಹಳೇ ಲ್ಯಾಂಡ್‌ಲೈನ್ ಫೋನಿನ ವೈರಿನ ಹಾಗೆ ಸುರುಳಿ ಸುರುಳಿ. ಎಳೆದು ಬಿಟ್ಟರೆ ಚಿಟ್ ಅಂತ ಮತ್ತೆ ಸುರುಳಿ. ಇಂಥ ಸಾವಿರಾರು ಸ್ಪ್ರಿಂಗ್ ಒಂದಕ್ಕೊಂದು ಸಿಕ್ಕಿಕೊಂಡರೆ ಇನ್ನೆಲ್ಲಿ ಜಾರುತ್ತವೆ? ಕೆಲಸ ಮಾಡುವುದು ಕೂದಲಲ್ಲ, ಆ ಸುರುಳಿ.

ಉಳಿದ ಬಾಲದ ಕೂದಲನ್ನು ನಾನೇ ಹೊಸೆದೆ. ಬೇಯಿಸಲು ಕುಕ್ಕರ್ ಬೇಕಿತ್ತು. “ರೀ, ಅದೇ ಕುಕ್ಕರಲ್ಲಿ ನಾಳೆ ನಾನು ಬೇಳೆ ಬೇಯಿಸ್ಬೇಕಾ?” ಅಂತ ಹೆಂಡತಿ ಕೇಳಿದ ಮೇಲೆ ಹಳೆಯದೊಂದನ್ನು ಕೊಂಡೆ. ಬರೀ ಕುದಿಸಿದರೆ ಆಗದಾ ಅಂತ ಕೇಳಬಹುದು. ಹಸಿ ಕೂದಲು ಮುಟ್ಟುವ ಕೆಲಸಗಾರರಿಗೆ ಹಿಂದೆ ಆಂಥ್ರಾಕ್ಸ್ ಬರುತ್ತಿತ್ತು, ನಮ್ಮ ಕಡೆ ದನಗಳಿಗೆ ಬರುವ ನೆರಡಿ ರೋಗ. ಅದರ ಬೀಜಾಣು ಬಹಳ ಗಟ್ಟಿ ಪಿಂಡ, ಸಾಮಾನ್ಯ ಕುದಿಗೆ ಬಗ್ಗುವುದು ಕಷ್ಟ. ನನಗೆ ಕೂದಲು ಕೊಟ್ಟದ್ದು ಗೊತ್ತಿರುವ ಲಾಯದ ಆರೋಗ್ಯವಾದ ಕುದುರೆಗಳೇ, ಆದರೂ ಒತ್ತಡದ ಹಬೆಯೇ ಇರಲಿ ಅನ್ನಿಸಿತು. ಸುರುಳಿ ಚೆನ್ನಾಗೇ ಕೂತಿತು. ಆದರೆ ಮೂರು ವಾರಾಂತ್ಯ ಕೂತು ಹೊಸೆದದ್ದಕ್ಕೆ ಸಿಕ್ಕಿದ್ದು 60 ಗ್ರಾಂ. ಒಂದು ಹೆಲ್ಮೆಟ್‌ಗೆ 200 ಗ್ರಾಂ ಬೇಕು.

ಹಾಗಾಗಿ ಭಾನುವಾರ ಬೆಳಿಗ್ಗೆ ಹಳೇ ಸಾಮಾನು ಮಾರುವ ಬಯಲುಗಳಲ್ಲಿ ಸೋಫಾ ಹುಡುಕಲು ಶುರು ಮಾಡಿದೆ. ನೂರು ವರ್ಷದ ಹಿಂದಿನ ಕುರ್ಚಿ, ಹಾಸಿಗೆಗಳಲ್ಲಿ ಇದೇ ಸುರುಳಿ ಕೂದಲು ಇರುತ್ತದೆ. ಮೊದಲ ಕುರ್ಚಿ ಹತ್ತು ಪೌಂಡ್. ಬಟ್ಟೆ ಕೊಯ್ದು ಕೈ ಹಾಕಿದ ತಕ್ಷಣ ಗೊತ್ತಾಯಿತು, ತೆಂಗಿನ ನಾರು! ಇಲ್ಲಿನ ಹಳೇ ಕುರ್ಚಿಗಳಿಗೆ ನಾರನ್ನೂ ತುಂಬುತ್ತಿದ್ದರಂತೆ. ತಿಪಟೂರಿನವನು ಇಂಗ್ಲೆಂಡಿನಲ್ಲಿ ಹತ್ತು ಪೌಂಡ್ ಕೊಟ್ಟು ತೆಂಗಿನ ನಾರು ಕೊಂಡ. ಇದನ್ನು ಮಾತ್ರ ಊರಲ್ಲಿ ಯಾರಿಗೂ ಹೇಳಿಲ್ಲ.

ಆಮೇಲೆ ದುಡ್ಡು ಕೊಡುವ ಮುಂಚೆಯೇ ಕೆಳಗಡೆ ಹರಿದ ಕಡೆಯಿಂದ ಒಂದು ಎಳೆ ಕೇಳಿ ತೆಗೆದು ಸುಟ್ಟು ನೋಡುತ್ತೇನೆ. ಕೂದಲಾದರೆ ಚಟಚಟ ಅಂತ ಮುದುಡಿ, ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ನಾರಾದರೆ ಕಾಗದ ಸುಟ್ಟ ವಾಸನೆ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮೂರನೇ ಕುರ್ಚಿಯಲ್ಲಿ ಒಂದು ಕೆಜಿಯಷ್ಟು ಒಳ್ಳೇ ಕೂದಲು ಸಿಕ್ಕಿತು. ಅಂಗಳದಲ್ಲೇ, ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ಬಿಚ್ಚಿದೆ. ಒಣಗಿದ್ದನ್ನು ಕೊಡವಿದರೆ ಏಳುವ ಧೂಳು ಎಂಥದ್ದೋ ಯಾರಿಗೆ ಗೊತ್ತು. ಇದಕ್ಕೂ ಕುಕ್ಕರ್ ಸೇವೆ ಆಯಿತು. ಮೊದಲು ಮತ್ತೆ ಹುರಿ ಹಾಕಿ ಹಗ್ಗ ಮಾಡಿಕೊಂಡೇ ಬೇಯಿಸಿದೆ, ಸಡಿಲ ಬಿಟ್ಟು ಬೇಯಿಸಿದರೆ ಸುರುಳಿ ಹೋಗಿಬಿಡುತ್ತದೆ.

ಹಿಂಜುವಾಗ ಚಿಕ್ಕಂದಿನಲ್ಲಿ ಮನೆ ಮುಂದೆ ಬಿಲ್ಲು ಹಿಡಿದು ಕೂರುತ್ತಿದ್ದ ಪಿಂಜಾರರ ನೆನಪಾಯಿತು. ಇಲ್ಲಿ ಬಿಲ್ಲಿಲ್ಲ, ಎರಡು ಕೈ ಬೆರಳು ಅಷ್ಟೇ. ಒಂದು ಮುಷ್ಟಿ ಕೂದಲು ಹಿಂಜಿದ ಮೇಲೆ ದೊಡ್ಡ ಬಟ್ಟಲು ತುಂಬುತ್ತದೆ.

ಹೊಲಿಗೆ ಕಷ್ಟವಲ್ಲ, ಬೇಜಾರು. ದಪ್ಪ ಲಿನನ್ ಬಟ್ಟೆ ಎರಡು ಪದರ, ನಡುವೆ ಬೆರಳಗಲದ ಕೊಳವೆಗಳು, ಮೇಲ್ಗಡೆ ಆರು ಎಸಳು. ಕೊಳವೆಯೊಳಗೆ ಕೂದಲನ್ನು ಹೆಣಿಗೆ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ತಳ್ಳಬೇಕು. ಒಟ್ಟಿಗೆ ತುರುಕಿದರೆ ಕಲ್ಲಾಗುತ್ತದೆ. ನನ್ನ ಮೊದಲ ಮೆತ್ತೆ ನೋಡಲು ಚೆನ್ನಾಗಿತ್ತು, ಹಾಕಿಕೊಂಡರೆ ಮಾತ್ರ ಹಣೆ ತುಂಬ ಚುಚ್ಚು. ಕೂದಲಿನ ತುದಿಗಳು ಬಟ್ಟೆಯ ನೇಯ್ಗೆಯಿಂದ ಹೊರಗೆ ಬಂದಿದ್ದವು. ಎಲ್ಲ ಬಿಚ್ಚಿ, ತಲೆಯ ಕಡೆಗೆ ತೆಳುವಾದ ಹತ್ತಿಯ ಹಾಳೆ ಕೊಟ್ಟು, ಒತ್ತು ನೇಯ್ಗೆಯ ಬಟ್ಟೆ ಹಾಕಿ ಮತ್ತೆ ಹೊಲಿದೆ. ದಾರಕ್ಕೆ ಜೇನುಮೇಣ ಉಜ್ಜಿಕೊಳ್ಳದಿದ್ದರೆ ಬೆವರಿಗೆ ಬೇಗ ಕೊಳೆಯುತ್ತದೆ.

ಹೆಲ್ಮೆಟ್ ಒಳಗೆ ಸುತ್ತಲೂ ರಿವೆಟ್ ಹೊಡೆದ ಚರ್ಮದ ಪಟ್ಟಿ ಇದೆ. ಮೆತ್ತೆಯ ಅಂಚನ್ನು ಅದಕ್ಕೆ ಹೊಲಿದರೆ ಮುಗಿಯಿತು. ಆರು ಎಸಳುಗಳ ತುದಿಯಲ್ಲಿ ತೂತು, ಅದರಲ್ಲಿ ಲಾಡಿ. ಲಾಡಿ ಬಿಗಿದರೆ ತಲೆ ಕೆಳಗಿಳಿಯುತ್ತದೆ, ಸಡಿಲಿಸಿದರೆ ಮೇಲೇರುತ್ತದೆ. ನೆತ್ತಿಗೂ ಉಕ್ಕಿಗೂ ನಡುವೆ ಎರಡು ಬೆರಳು ಜಾಗ ಇಟ್ಟುಕೊಂಡಿದ್ದೇನೆ. ಪೂರ್ತಿ ಬಲ ಹಾಕಿ ಬಡಿದಾಡುವ ಸ್ಪರ್ಧೆಗಳಿಗೆ ಇದು ಸಾಕು ಅಂತ ನಾನು ಹೇಳುವುದಿಲ್ಲ, ಅಲ್ಲಿನವರು ಒಳ್ಳೇ ಫೋಮ್ ಹಾಕಿಕೊಳ್ಳುವುದೇ ಸರಿ. ನಮ್ಮಂಥ ಹೇಳಿಕೊಂಡು ಹೊಡೆಯುವ ಯುದ್ಧಕ್ಕೆ ಸಾಕು.

ಎರಡು ಬೇಸಿಗೆ ಕಳೆಯಿತು. ಹಣೆಯ ಕಡೆ ಸ್ವಲ್ಪ ತಗ್ಗಿತ್ತು. ಮೊನ್ನೆ ಆ ಮೂರು ಕೊಳವೆ ಬಿಚ್ಚಿ, ಅದೇ ಕೂದಲನ್ನು ಮತ್ತೆ ಹಿಂಜಿ ತುಂಬಿದೆ. ಈ ಸಲ ಹಣೆಗೆ ಹತ್ತು ಗ್ರಾಂ ಜಾಸ್ತಿ.