ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಬೇಕು ಅಂತಿದ್ದೀರಾ? ಮೊದಲು ಹಿಂದಲೆ ತೋರಿಸಿ

ನಮ್ಮ ಬೀದರ್, ಕಲಬುರಗಿ ಕಡೆ ತೊಗರಿಯನ್ನು ನಾಟಿ ಮಾಡುವವರೂ ಇದ್ದಾರೆ. ಬೀಜವನ್ನು ಸೀದಾ ಹೊಲಕ್ಕೆ ಬಿತ್ತುವ ಬದಲು ಸಣ್ಣ ಪಾಲಿಥಿನ್ ಚೀಲದಲ್ಲಿ ಸಸಿ ಬೆಳೆಸಿ, ಮಳೆ ಆದ ಮೇಲೆ ಹೊಲದಲ್ಲಿ ಇಡುತ್ತಾರೆ. ಹೇರ್ ಟ್ರಾನ್ಸ್‌ಪ್ಲಾಂಟ್ ಅಂದ್ರೆ ಏನು ಅಂತ ಊರಲ್ಲಿ ಕಾಕಾ ಕೇಳಿದಾಗ ನಾನು ಇದನ್ನೇ ಉದಾಹರಣೆ ಕೊಟ್ಟೆ. ಅವರು ತಕ್ಷಣ ಕೇಳಿದರು: "ಮತ್ತ ಸಸಿ ಎಲ್ಲಿಂದ ತರ್ತಾರೋ ತಮ್ಮಾ?"

ಇಡೀ ವಿಷಯ ಇರುವುದು ಈ ಪ್ರಶ್ನೆಯಲ್ಲೇ. ಹೊಸ ಸಸಿ ಯಾರೂ ಬೆಳೆಸುವುದಿಲ್ಲ. ನಿಮ್ಮದೇ ಹಿಂದಲೆಯಿಂದ ಕಿತ್ತು ಮುಂದೆ ನೆಡುತ್ತಾರೆ. ಕಿತ್ತ ಜಾಗದಲ್ಲಿ ಮತ್ತೆ ಬರುವುದಿಲ್ಲ. ಹೆಚ್ಚಿನವರ ಹಿಂದಲೆಯಿಂದ ಇಡೀ ಜೀವಮಾನದಲ್ಲಿ ತೆಗೆಯಬಹುದಾದದ್ದು ಸುಮಾರು 4,000ದಿಂದ 6,000 ಗ್ರಾಫ್ಟ್, ಅಷ್ಟೇ. ನಾನು ಎರಡು ವರ್ಷದ ಹಿಂದೆ, 34ನೇ ವಯಸ್ಸಿನಲ್ಲಿ, 2,200 ಗ್ರಾಫ್ಟ್ ಖರ್ಚು ಮಾಡಿದ್ದೇನೆ. ಉಳಿದದ್ದನ್ನು ಜೋಪಾನ ಮಾಡುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ಆ ಜೋಪಾನದ ಬಗ್ಗೆಯೇ.

ಗ್ರಾಫ್ಟ್ ಅಂದರೆ ಒಂದು ಕೂದಲು ಅಲ್ಲ. ಒಂದೇ ಬುಡದಿಂದ ಒಂದರಿಂದ ನಾಲ್ಕು ಕೂದಲು ಹುಟ್ಟುತ್ತವೆ, ಆ ಬುಡಕ್ಕೆ ಗ್ರಾಫ್ಟ್ ಅನ್ನುತ್ತಾರೆ. "4,000 ಕೂದಲು ಹಾಕುತ್ತೇವೆ" ಅಂತ ಜಾಹೀರಾತು ಕಂಡರೆ ಕೂದಲೋ ಗ್ರಾಫ್ಟೋ ಅಂತ ಕೇಳಿ. ಅರ್ಧಕ್ಕರ್ಧ ವ್ಯತ್ಯಾಸ ಆಗುತ್ತದೆ.

ಹಿಂದಿನ ಕೂದಲೇ ಯಾಕೆ? ಡಿಎಚ್‌ಟಿ ಅನ್ನುವ ಹಾರ್ಮೋನಿಗೆ ನೆತ್ತಿಯ ಮತ್ತು ಮುಂದಲೆಯ ಬುಡಗಳು ಸೋಲುತ್ತವೆ, ಹಿಂದಿನವು ಅಷ್ಟಾಗಿ ಸೋಲುವುದಿಲ್ಲ. ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಓರೆಂಟ್ರೈಕ್ 1952ರಲ್ಲಿ ಇದನ್ನು ಮಾಡಿ ತೋರಿಸಿದರು. ಹಿಂದಿನ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಹಳೆಯ ಗುಣ ಬಿಡುವುದಿಲ್ಲ. ಆದರೆ ಅದರ ಸುತ್ತ ಮೊದಲಿನಿಂದ ಇರುವ ಕೂದಲು ಉದುರುವುದು ನಿಲ್ಲುವುದಿಲ್ಲ. ಇದನ್ನು ಸರಿಯಾಗಿ ತಿಳಿಯದೆ ಮಾಡಿಸಿಕೊಂಡವರ ತಲೆಯಲ್ಲಿ ನಾಲ್ಕೈದು ವರ್ಷದ ಮೇಲೆ ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಖಾಲಿ ಬಯಲು ಉಳಿದದ್ದನ್ನು ನಾನು ನೋಡಿದ್ದೇನೆ.

ಹಾಗಾಗಿ ಮೊದಲ ಕೆಲಸ ಸರ್ಜನ್ ಹುಡುಕುವುದಲ್ಲ. ಯಾಕೆ ಉದುರುತ್ತಿದೆ ಅಂತ ತಿಳಿಯುವುದು. ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ, ನಿಮ್ಮ ಊರಿನ ಯಾವುದಾದರೂ ಚರ್ಮದ ಡಾಕ್ಟರ ಹತ್ತಿರವೋ ಹೋಗಿ. ಡೆಂಗಿ, ಟೈಫಾಯಿಡ್ ಬಂದು ಹೋದ ಎರಡು ಮೂರು ತಿಂಗಳಿಗೆ ಕೈತುಂಬ ಕೂದಲು ಬರುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ. ಥೈರಾಯಿಡ್, ರಕ್ತ ಕಡಿಮೆ ಇರುವುದು, ಇವಕ್ಕೂ ಉದುರುತ್ತದೆ. ಇವುಗಳಿಗೆ ಕಸಿ ಬೇಕಾಗಿಲ್ಲ. ನಾಣ್ಯದ ಹಾಗೆ ದುಂಡಗೆ ಉದುರುವ ಕಾಯಿಲೆ ಜೋರಾಗಿ ಇರುವಾಗ ಮಾಡಿಸಲೂಬಾರದು. ಹೆಣ್ಣುಮಕ್ಕಳಲ್ಲಿ ಹಿಂದಲೆಯೂ ತೆಳ್ಳಗಾಗುವುದು ಜಾಸ್ತಿ, ಅದಕ್ಕೇ ಅವರು ಈ ತಪಾಸಣೆ ಬಿಡಲೇಬಾರದು. ಬೋರ್ ನೀರಿನಿಂದ ಬೋಳು ಆಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ ಅಲ್ವಾ? ಗಡಸು ನೀರಿಗೆ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ನಿಜ. ನೆತ್ತಿ ಖಾಲಿಯಾಗುವುದು ಮಾತ್ರ ಅದರಿಂದಲ್ಲ.

ವಯಸ್ಸು 25 ದಾಟಿಲ್ಲವೆಂದರೆ ದಯವಿಟ್ಟು ಕಾಯಿರಿ. ಮದುವೆ ಮಾತು ನಡೆದಿದೆ, ಹೆಣ್ಣು ನೋಡಲು ಹೋಗಬೇಕು, ಮನೆಯವರ ಒತ್ತಡ ಇದೆ, ಎಲ್ಲ ನನಗೆ ಗೊತ್ತು, ನನಗೂ ಹೀಗೇ ಆಗಿತ್ತು, ಆದರೆ 22ಕ್ಕೆ ನಿಮ್ಮ ಬೋಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಯಾವ ಡಾಕ್ಟರಿಗೂ ಹೇಳಲು ಆಗುವುದಿಲ್ಲ. ಆ ವಯಸ್ಸಿನಲ್ಲಿ ಹುಬ್ಬಿನ ಹತ್ತಿರಕ್ಕೆ ಕೂದಲಿನ ಗೆರೆ ಎಳೆಸಿಕೊಂಡು ಗ್ರಾಫ್ಟ್ ಎಲ್ಲ ಮುಗಿಸಿದರೆ, 40ಕ್ಕೆ ನೆತ್ತಿ ಖಾಲಿಯಾದಾಗ ಹಾಕಲು ಏನೂ ಇರುವುದಿಲ್ಲ.

ಕಾಯುವಾಗ ಔಷಧಿ ಇದೆ. ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟರೈಡ್. ಮೊದಲನೆಯದು ಹಚ್ಚಿದ ಶುರುವಿನ ವಾರಗಳಲ್ಲಿ ಉದುರುವುದು ಜಾಸ್ತಿ ಆಗಬಹುದು, ಹೆದರಿ ಬಿಡಬೇಡಿ. ಎರಡನೆಯದನ್ನು ಡಾಕ್ಟರ್ ಬರೆದು ಕೊಡದೆ ಮೆಡಿಕಲ್ ಅಂಗಡಿಯಿಂದ ತರಬೇಡಿ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ, ಮನಸ್ಸು ಕುಗ್ಗುತ್ತದೆ, ಹಾಗೆ ಅನ್ನಿಸಿದರೆ ನಾಚದೆ ಡಾಕ್ಟರಿಗೆ ಹೇಳಿ. ಬಸುರಿಯರು ಪುಡಿಯಾದ ಮಾತ್ರೆ ಮುಟ್ಟಬಾರದು. ಅದನ್ನು ತೆಗೆದುಕೊಳ್ಳುವವರು ರಕ್ತದಾನವನ್ನೂ ಮಾಡಬಾರದು. ಒಂದು ವರ್ಷ ಔಷಧಿ ಮಾಡಿದ ಮೇಲೆ ಕಸಿಗೆ ಹೋದರೆ ಎಷ್ಟು ಗ್ರಾಫ್ಟ್ ಬೇಕು ಅಂತ ಸರಿಯಾಗಿ ಗೊತ್ತಾಗುತ್ತದೆ. ನನಗೆ ನೆತ್ತಿಗೆ ಬೇಕೇ ಆಗಲಿಲ್ಲ, ಬರೀ ಮುಂದಕ್ಕೆ ಸಾಕಾಯಿತು.

ಈಗ ಡಾಕ್ಟರ್ ವಿಷಯ. ನಾನು ಮೊದಲು ಹೋದದ್ದು ಒಂದು ದೊಡ್ಡ ಊರಿನ ಕ್ಲಿನಿಕ್ಕಿಗೆ. ಎಸಿ ರೂಮು, ಕಾಫಿ, ಗೋಡೆ ತುಂಬ ಫೋಟೋ. ಮಾತಾಡಿದ್ದು ಡಾಕ್ಟರ್ ಅಲ್ಲ, ಕೌನ್ಸೆಲರ್. ಅವರು ನನ್ನ ಹಿಂದಲೆಯನ್ನು ನೋಡಲೇ ಇಲ್ಲ. ಮುಂದಿನಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು "ಸರ್, 4,500 ಗ್ರಾಫ್ಟ್, ಒಂದೇ ದಿನ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಡಿಸ್ಕೌಂಟ್" ಅಂದರು. ಡಾಕ್ಟರ್ ಯಾವಾಗ ಸಿಗುತ್ತಾರೆ ಅಂದಾಗ "ಆಪರೇಷನ್ ದಿನ" ಅಂದರು. ನಾನು ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೆ. ಅದರಲ್ಲಿ ಅರ್ಧ ವಾಪಸ್ ಬರಲಿಲ್ಲ. ಹೋದರೆ ಹೋಗಲಿ, ಗ್ರಾಫ್ಟ್ ಉಳಿಯಿತು.

ಎರಡನೇ ಡಾಕ್ಟರ್ ಮೊದಲು ಮಾಡಿದ ಕೆಲಸ ನನ್ನನ್ನು ತಿರುಗಿ ಕೂರಿಸಿದ್ದು. ಸಣ್ಣ ಕ್ಯಾಮೆರಾದಂಥ ಸಾಧನವನ್ನು ಹಿಂದಲೆಗೆ ಒತ್ತಿ, ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಬುಡ ಇವೆ ಅಂತ ಪರದೆ ಮೇಲೆ ಎಣಿಸಿ ತೋರಿಸಿದರು. ಅಪ್ಪನ ತಲೆ ಹೇಗಿದೆ, ಸೋದರಮಾವನದು ಹೇಗಿದೆ ಅಂತ ಕೇಳಿದರು. ಆಮೇಲೆ, "ನಿಮಗೆ 2,200 ಸಾಕು, ಉಳಿದದ್ದು ಮುಂದಕ್ಕೆ ಇರಲಿ" ಅಂದರು. ಕಡಿಮೆ ಹೇಳಿದ ಡಾಕ್ಟರನ್ನು ನಾನು ನಂಬಿದೆ.

ನೀವು ಕೇಳಬೇಕಾದದ್ದು ಇಷ್ಟು. ಡಾಕ್ಟರ್ ಓದಿರುವುದೇನು? ಚರ್ಮರೋಗದಲ್ಲಿ ಎಂಡಿಯೋ, ಪ್ಲಾಸ್ಟಿಕ್ ಸರ್ಜರಿಯೋ? ಹೆಸರು ಮೆಡಿಕಲ್ ಕೌನ್ಸಿಲಿನ ಪಟ್ಟಿಯಲ್ಲಿ ಇದೆಯಾ? ಕ್ಲಿನಿಕ್ ನಮ್ಮ ರಾಜ್ಯದ್ದಾದರೆ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ? ತಲೆಗೆ ರಂಧ್ರ ಮಾಡುವವರು ಯಾರು, ಡಾಕ್ಟರಾ, ಟೆಕ್ನೀಶಿಯನ್ನಾ? ಯೂಟ್ಯೂಬ್ ನೋಡಿಯೋ ವರ್ಕ್‌ಶಾಪಿನಲ್ಲಿ ಕೂತು ನೋಡಿಯೋ ಕಲಿತದ್ದು ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಲು ಸಾಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಇದರರ್ಥ ಅಂಥವರು ಮಾಡುತ್ತಿದ್ದರು ಅಂತಲೇ. ಆಕ್ಸಿಜನ್, ತುರ್ತು ಔಷಧಿ ಇವೆಯಾ ಅಂತಲೂ ಕೇಳಿ. ಮರಗಟ್ಟಿಸುವ ಇಂಜೆಕ್ಷನ್ನಿಗೆ ಮೈತೂಕಕ್ಕೆ ತಕ್ಕ ಮಿತಿ ಇದೆ, ಮೀರಿದರೆ ಹೃದಯಕ್ಕೇ ತೊಂದರೆ. ಒಂದೇ ದಿನ 4,500 ಅನ್ನುವವರಿಗೆ ಈ ಪ್ರಶ್ನೆ ಹಾಕಲೇಬೇಕು.

ದುಡ್ಡಿನ ಬಗ್ಗೆ ಎರಡೇ ಮಾತು. ಬೋಳಿಗೆ ಮಾಡಿಸುವ ಕಸಿಗೆ ಜಿಎಸ್‌ಟಿ ಇದೆ, ಶೇ 18, ಹೇಳಿದ ದರದಲ್ಲಿ ಅದು ಸೇರಿದೆಯಾ ಅಂತ ಬರೆಸಿಕೊಳ್ಳಿ. ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಬರುವುದಿಲ್ಲ. ಸಾಲ ಮಾಡಿ ಮಾಡಿಸಬೇಡಿ.

ಕಾಲ ನೋಡಿಕೊಳ್ಳಿ, ಇದು ನಮ್ಮ ಕಡೆಯವರಿಗೆ ಮುಖ್ಯ. ಬೆಂಗಳೂರಿನವರಿಗೆ ಯಾವ ತಿಂಗಳಾದರೂ ನಡೆಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಬೆವರು, ಧೂಳು, ಕರೆಂಟ್ ಹೋದರೆ ಫ್ಯಾನೂ ಇಲ್ಲ. ಹೊಸ ಗಾಯ ಇಟ್ಟುಕೊಂಡು ಆ ಬಿಸಿಲಲ್ಲಿ ಇರಲು ಆಗುವುದಿಲ್ಲ. ನವೆಂಬರಿನಿಂದ ಜನವರಿ ಒಳಗೆ ಮಾಡಿಸಿ. ನಾನು ದೀಪಾವಳಿ ಮುಗಿಸಿಕೊಂಡು ಹೈದರಾಬಾದಿಗೆ ಹೋದೆ.

ಹೋಗುವ ಮುಂಚೆ ರಕ್ತ ಪರೀಕ್ಷೆ ಆಗುತ್ತದೆ: ಹಿಮೋಗ್ಲೋಬಿನ್, ಶುಗರ್, ಎಚ್‌ಐವಿ, ಹೆಪಟೈಟಿಸ್. ಶುಗರ್, ಬಿಪಿ ಹತೋಟಿಯಲ್ಲಿ ಇರಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ. ಸಿಗರೇಟು, ಗುಟ್ಕಾ, ತಂಬಾಕು ಬಿಡಿ, ಮುಂಚೆ ಎರಡು ವಾರ, ಆಮೇಲೆ ಎರಡು ವಾರ ಆದರೂ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ನೆಟ್ಟ ಬುಡಕ್ಕೆ ರಕ್ತ ಸಿಗುವುದಿಲ್ಲ. ಗುಟ್ಕಾ ಸಿಗರೇಟಲ್ಲ, ನಡೆಯುತ್ತದೆ ಅಂದುಕೊಂಡವರು ನಮ್ಮಲ್ಲಿ ಬಹಳ.

ಆ ದಿನ ಚೆನ್ನಾಗಿ ತಿಂಡಿ ತಿಂದು ಹೋಗಿ. ಮುಂದೆ ಗುಂಡಿ ಇರುವ ಅಂಗಿ ಹಾಕಿ, ತಲೆಯ ಮೇಲಿಂದ ತೆಗೆಯುವ ಟೀಶರ್ಟ್ ಬೇಡ. ತಲೆ ಬೋಳಿಸಿ, ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆಯನ್ನು ಕನ್ನಡಿಯಲ್ಲಿ ನಿಧಾನವಾಗಿ ನೋಡಿ, ಒಪ್ಪಿಗೆ ಆಗದಿದ್ದರೆ ಆಗಲೇ ಹೇಳಿ. ನೋವು ಅನ್ನುವುದು ಇಂಜೆಕ್ಷನ್ ಹೊತ್ತಿಗೆ ಮಾತ್ರ. ಆ ಹತ್ತು ನಿಮಿಷ ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಬೋರಲು ಮಲಗಿಸಿ ಒಂದು ಮಿಲಿಮೀಟರಿಗೂ ಸಣ್ಣದಾದ ಪಂಚಿನಿಂದ ಒಂದೊಂದೇ ಬುಡ ಬಿಡಿಸುತ್ತಾರೆ. ಇದಕ್ಕೆ ಎಫ್‌ಯುಇ ಅನ್ನುತ್ತಾರೆ. ಹಿಂದಿನ ಚರ್ಮದ ಪಟ್ಟಿಯನ್ನೇ ಕತ್ತರಿಸಿ ಹೊಲಿಯುವ ಎಫ್‌ಯುಟಿಯೂ ಇದೆ, ಅದರಲ್ಲಿ ಉದ್ದಕ್ಕೆ ಒಂದು ಗೆರೆ ಉಳಿಯುತ್ತದೆ. ಪಂಚಿನಿಂದ ಬುಡ ಬಿಡಿಸುವಾಗ ನೋವಿಲ್ಲ, ಆದರೆ ಕರ್ ಕರ್ ಅನ್ನುವ ಸದ್ದು ಬುರುಡೆಯ ಒಳಗಿಂದಲೇ ಕೇಳುತ್ತದೆ.

ಊಟದ ಬಿಡುವಿನಲ್ಲಿ ನಾನು ಟ್ರೇ ತೋರಿಸಿ ಅಂದೆ. ತಣ್ಣಗಿನ ಸಲೈನಿನಲ್ಲಿ ಹತ್ತು ಹತ್ತರ ಸಾಲು ಜೋಡಿಸಿಟ್ಟಿದ್ದರು. ಒಂದೊಂದೂ ಜೀರಿಗೆ ಕಾಳಿನಷ್ಟು, ಮೇಲೆ ಎರಡು ಕಪ್ಪು ಎಳೆ, ಕೆಳಗೆ ಬೆಳ್ಳಗಿನ ಪುಟ್ಟ ಗಡ್ಡೆ. ನನ್ನ ಬಂಡವಾಳ ಅದು. ಒಣಗಿದರೆ ಸಾಯುತ್ತದೆ, ಚಿಮಟದಿಂದ ಗಡ್ಡೆ ಹಿಸುಕಿದರೂ ಸಾಯುತ್ತದೆ. ಡಾಕ್ಟರ ಕೈ, ನರ್ಸ್ ಕೈ ಯಾಕೆ ಮುಖ್ಯ ಅಂತ ನನಗೆ ಆಗ ಮನದಟ್ಟಾಯಿತು. ಬೆಳಗ್ಗೆ 8ಕ್ಕೆ ಶುರುವಾಗಿದ್ದು ಸಂಜೆ 5ಕ್ಕೆ ಮುಗಿಯಿತು.

ಅವತ್ತೇ ಬಸ್ಸು ಹತ್ತಬೇಡಿ. ಎರಡು ರಾತ್ರಿ ಅಲ್ಲೇ ಇದ್ದು, ಮೊದಲ ಸಲ ತಲೆ ತೊಳೆಯುವುದನ್ನು ಕ್ಲಿನಿಕ್ಕಿನಲ್ಲೇ ಮಾಡಿಸಿ, ಹೇಗೆ ಮಾಡುತ್ತಾರೆ ನೋಡಿಕೊಂಡು ಬನ್ನಿ. ವಾಪಸ್ ಬರುವಾಗ ಕುತ್ತಿಗೆ ದಿಂಬು ಹಾಕಿಕೊಳ್ಳಿ, ತಲೆ ಸೀಟಿಗೆ ಉಜ್ಜಬಾರದು.

ಮೊದಲ ಹತ್ತು ದಿನ ನೀವು ಬೇರೆ ಏನೂ ಮಾಡಬೇಡಿ. ತಲೆ ಎತ್ತರಕ್ಕೆ ಇಟ್ಟು, ಎರಡು ಮೂರು ದಿಂಬಿಗೆ ಒರಗಿ, ಅಂಗಾತ ಮಲಗಿ. ಹೇಳಿದಷ್ಟು ಸಲ ಸಲೈನ್ ಸ್ಪ್ರೇ ಮಾಡಿ. ಮೂರನೇ ನಾಲ್ಕನೇ ದಿನ ಹಣೆ ಬಾತು, ಊತ ಕಣ್ಣಿಗೆ ಇಳಿಯುತ್ತದೆ, ನನ್ನ ಎಡಗಣ್ಣು ಒಂದು ದಿನ ಪೂರ್ತಿ ಮುಚ್ಚಿತ್ತು. ಇಳಿದು ಹೋಗುತ್ತದೆ. ತೊಳೆಯುವಾಗ ಶ್ಯಾಂಪೂ ನೊರೆ ಮಾಡಿ ಮೇಲಿಟ್ಟು, ಬೆರಳಿನಿಂದ ತಟ್ಟಿ, ಉಗುರು ಬೆಚ್ಚಗಿನ ನೀರನ್ನು ಚೊಂಬಿನಿಂದ ಮೆಲ್ಲಗೆ ಬಿಡಿ. ಶವರ್ ಬೇಡ. ಗಸಗಸೆಯಂಥ ಹಕ್ಕಳೆಗಳು ಏಳರಿಂದ ಹತ್ತು ದಿನದಲ್ಲಿ ತಾವೇ ಬೀಳುತ್ತವೆ, ಎಷ್ಟು ತುರಿಕೆ ಬಂದರೂ ಕೀಳಬೇಡಿ, ಅದರ ಜೊತೆ ಬುಡವೂ ಬರುತ್ತದೆ. ಅವ್ವ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಹಚ್ಚಲು ಬಂದರೂ ಬೇಡ ಅನ್ನಿ.

ಹೆಲ್ಮೆಟ್ ಎರಡು ವಾರ ಆಗುವುದಿಲ್ಲ. ಹಾಗಂತ ಬರಿ ತಲೆಯಲ್ಲಿ ಬೈಕ್ ಓಡಿಸುವುದು ಉತ್ತರ ಅಲ್ಲ. ಬೈಕೇ ಮುಟ್ಟಬೇಡಿ, ಆಟೋದಲ್ಲಿ ಹೋಗಿ. ಹೊರಗೆ ಹೋದರೆ ಡಾಕ್ಟರ್ ಹೇಳಿದ ಸಡಿಲ ಟೋಪಿ. ಜಿಮ್, ಭಾರ ಎತ್ತುವುದು, ಈಜು ಒಂದು ತಿಂಗಳು ಇಲ್ಲ.

ಜ್ವರ, ಕೀವು, ದಿನದಿಂದ ದಿನಕ್ಕೆ ಏರುವ ನೋವು, ನೆಟ್ಟ ಜಾಗ ಕಪ್ಪಾಗುವುದು, ಇದರಲ್ಲಿ ಯಾವುದು ಕಂಡರೂ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕಾಯುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರಂತೂ ಒಂದು ನಿಮಿಷವೂ ತಡ ಬೇಡ.

ಮೂರನೇ ವಾರ ಬರುತ್ತದೆ ನೋಡಿ, ಮನಸ್ಸಿಗೆ ಕಷ್ಟದ ಕಾಲ. ನೆಟ್ಟ ಕೂದಲು ಉದುರಲು ಶುರುವಾಗುತ್ತದೆ. ದಿಂಬಿನ ಮೇಲೆ ಬಿದ್ದದ್ದನ್ನು ನೋಡಿ ನಮ್ಮ ಅವ್ವ, "ಇಷ್ಟು ರೊಕ್ಕ ಹಾಕಿ ಮತ್ತ ಉದರ್ಲಕತ್ತಾವಲ್ಲೋ" ಅಂತ ಅತ್ತೇ ಬಿಟ್ಟರು. ನಾನು ಅವರನ್ನು ಕೂರಿಸಿ ಹೇಳಿದೆ: ಉದುರುವುದು ಎಳೆ, ಬುಡ ಒಳಗೇ ಇದೆ. ನಿಮ್ಮ ಮನೆಯವರಿಗೆ ಇದನ್ನು ಮುಂಚೆಯೇ ಹೇಳಿಡಿ. ಮೂರು ನಾಲ್ಕು ತಿಂಗಳಿಗೆ ತೆಳ್ಳಗೆ, ಗುಂಗುರಾಗಿ ಹೊಸದು ಮೂಡುತ್ತದೆ. ಆರು ತಿಂಗಳಿಗೆ ಗುರುತಿಸುವಷ್ಟು ಆಗುತ್ತದೆ. ಪೂರ್ತಿ ಫಲ ನೋಡಲು 12ರಿಂದ 18 ತಿಂಗಳು ಬೇಕು. ದಿನಾ ಕನ್ನಡಿ ನೋಡಿದರೆ ಏನೂ ಕಾಣುವುದಿಲ್ಲ, ತಿಂಗಳಿಗೊಮ್ಮೆ ಒಂದೇ ಕಿಟಕಿ ಹತ್ತಿರ ನಿಂತು ಫೋಟೋ ತೆಗೆದಿಡಿ.

ಡಾಕ್ಟರ್ ಹೇಳುವವರೆಗೆ ಔಷಧಿ ಬಿಡಬೇಡಿ. ಬಿಟ್ಟರೆ ಹಳೆಯ ಕೂದಲು ಹೋಗುತ್ತದೆ, ಮತ್ತೆ ಹಿಂದಲೆಗೆ ಕೈ ಹಾಕಬೇಕಾಗುತ್ತದೆ. ಹಾಗೇ, ಕ್ಲಿನಿಕ್ಕಿನಿಂದ ಬರುವಾಗ ಎಷ್ಟು ಗ್ರಾಫ್ಟ್ ತೆಗೆದರು, ಎಲ್ಲಿಂದ ತೆಗೆದರು, ಎಷ್ಟು ಹಾಳಾದವು, ಇನ್ನೆಷ್ಟು ಉಳಿದಿವೆ ಅಂತ ಡಾಕ್ಟರ ಸಹಿಯೊಂದಿಗೆ ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಹತ್ತು ವರ್ಷದ ಮೇಲೆ ಬೇರೆ ಡಾಕ್ಟರ ಮುಂದೆ ತಿರುಗಿ ಕೂತಾಗ ಅವರು ಮೊದಲು ಕೇಳುವುದು ಅದನ್ನೇ. ನನ್ನದನ್ನು ಹೊಲದ ಪಹಣಿ ಇಟ್ಟ ಫೈಲಿನಲ್ಲೇ ಇಟ್ಟಿದ್ದೇನೆ.