ಕೊಗ್ಗೆ ಗಿಡ ಗುರುತಿಸಬೇಕಾ? ಹೂವು ಬಿಡಿ, ಎಲೆ ಹರಿದು ನೋಡಿ

ಮಳೆ ಕಡಿಮೆಯಾಗುವ ಹೊತ್ತಿಗೆ ಚಿತ್ರದುರ್ಗದ ಸುತ್ತಮುತ್ತ, ಗರಸು ನೆಲ, ಹೊಲದ ಬದು, ಕುರಿ ಮೇಯುವ ಹುಲ್ಲುಗಾವಲು ಎಲ್ಲಿ ನೋಡಿದರೂ ಮೊಣಕಾಲೆತ್ತರದ ಒಂದು ಗಿಡ ನೇರಳೆ-ಗುಲಾಬಿ ಹೂವು ಬಿಟ್ಟುಕೊಂಡು ನಿಂತಿರುತ್ತದೆ. ಅದೇ ಕೊಗ್ಗೆ. ಹಸಿರೆಲೆ ಗೊಬ್ಬರಕ್ಕೆ ಸೊಪ್ಪು ಕೊಯ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಈ ಬರಹ ಉಳಿದವರಿಗೆ.

ಹೂವಿನಿಂದ ಶುರು ಮಾಡಿದರೆ ಅರ್ಧ ದಾರಿ ಮಾತ್ರ. ಅವರೆ ಹೂವು ನೋಡಿದ್ದೀರಲ್ವಾ, ಅದೇ ಅಚ್ಚು: ಮೇಲೆ ಒಂದು ಅಗಲ ಎಸಳು, ಪಕ್ಕಕ್ಕೆ ಎರಡು, ಕೆಳಗೆ ಎರಡು ಸೇರಿ ದೋಣಿ. ಆದರೆ ಅವರೆಯ ಬಳಗದಲ್ಲಿ ಇಂಥ ಹೂವು ಬಿಡುವ ಗಿಡಗಳು ಬೇಕಾದಷ್ಟಿವೆ.

ಹಾಗಾಗಿ ಎಲೆಗೆ ಬನ್ನಿ. ಒಂದು ಕಡ್ಡಿಯ ಎರಡೂ ಬದಿಗೆ ಸಣ್ಣ ಎಲೆಗಳು ಜೋಡಿಜೋಡಿಯಾಗಿ, ತುದಿಯಲ್ಲಿ ಒಂದು ಒಂಟಿ. ಆ ಸಣ್ಣ ಎಲೆಯೊಂದನ್ನು ಬುಡದಲ್ಲಿ ಹಿಡಿದು, ಇನ್ನೊಂದು ಕೈಯಿಂದ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಅಡ್ಡಕ್ಕೆ ನೇರವಾಗಿ ಹರಿಯುವುದಿಲ್ಲ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಚೂಪಾಗಿ ಹರಿಯುತ್ತದೆ! ನಡುನರದಿಂದ ಪಕ್ಕದ ನರಗಳು ಒಂದಕ್ಕೊಂದು ಸಮನಾಗಿ ಓರೆಯಾಗಿ ಹೋಗಿರುತ್ತವೆ, ಹರಿಯುವುದೂ ಅದೇ ಗೆರೆಯಲ್ಲಿ. ಸಂಸ್ಕೃತದಲ್ಲಿ ಇದಕ್ಕೆ ಶರಪುಂಖ ಅಂತ ಹೆಸರು, ಅಂದರೆ ಬಾಣದ ಹಿಂಬದಿಯ ಗರಿ. ಹರಿದ ಎಲೆ ಕೈಯಲ್ಲಿದ್ದರೆ ಹೆಸರು ಯಾಕೆ ಬಂತು ಅಂತ ಯಾರೂ ಹೇಳಬೇಕಿಲ್ಲ. ಹಸಿ ಎಲೆಯನ್ನೇ ತೆಗೆದುಕೊಳ್ಳಿ. ನಾನೊಮ್ಮೆ ಮಟಮಟ ಮಧ್ಯಾಹ್ನ ಬಾಡಿದ ಎಲೆ ಎಳೆದು, ಹೇಗೆಹೇಗೋ ಹರಿದದ್ದಕ್ಕೆ ಇದು ಕೊಗ್ಗೆಯೇ ಅಲ್ಲ ಅಂತ ಸುಮ್ನೆ ವಾದ ಮಾಡಿ ನಗೆಪಾಟಲಾಗಿದ್ದೇನೆ.

ಜಾಸ್ತಿ ಗೊಂದಲ ಆಗುವುದು ನೀಲಿ ಗಿಡದ ಜೊತೆ, ಅದೇ ಬಟ್ಟೆಗೆ ನೀಲಿ ಬಣ್ಣ ಕೊಡುವ ಜಾತಿ. ಅದರ ಎಲೆ ಹೀಗೆ ಚೂಪಾಗಿ ಹರಿಯುವುದಿಲ್ಲ, ಕಾಯಿ ದುಂಡಗೆ ಕಡ್ಡಿಯ ಹಾಗಿರುತ್ತದೆ. ಕೊಗ್ಗೆಯದು ಚಪ್ಪಟೆ ಕಾಯಿ, 3–4 ಸೆಂ.ಮೀ. ಉದ್ದ, ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಹಳದಿ ಹೂವಿದ್ದು, ಒಣಗಿದ ಉಬ್ಬುಗಾಯಿ ಅಲ್ಲಾಡಿಸಿದರೆ ಗಿಲಗಿಲ ಅಂದರೆ ಅದು ಬೇರೆಯೇ ಗಿಡ, ಬಿಡಿ.

ಒಂದು ಎಚ್ಚರಿಕೆ. ಕೊಗ್ಗೆಯ ಹತ್ತಿರದ ಸಂಬಂಧಿಗಳ ಎಲೆಯೂ ಹೀಗೇ ಹರಿಯುತ್ತದೆ. ಕಾಯಿಯ ಮೇಲೆ ಬಿಳಿ ಉಣ್ಣೆ ಹೊದಿಸಿದಂತೆ ದಟ್ಟ ರೋಮ ಇದ್ದರೆ ಅದು ಟೆಫ್ರೋಸಿಯಾ ವಿಲ್ಲೋಸಾ ಇರಬಹುದು. ನಮ್ಮದು ಟೆಫ್ರೋಸಿಯಾ ಪರ್ಪ್ಯೂರಿಯಾ, ಕಾಯಿಗೆ ರೋಮ ಇದ್ದರೂ ತೆಳು. ಅದಕ್ಕೇ ಫೋಟೋ ತೆಗೆಯುವಾಗ ಬರೀ ಹೂವಿನದು ಬೇಡ, ಕಾಯಿ ಮತ್ತು ಹರಿದ ಎಲೆಯದೂ ತೆಗೆಯಿರಿ.