ಕರುಳು ಚುರುಕ್ ಅನ್ನಿಸುವುದಕ್ಕೆ ಇಂಗ್ಲಿಷಿನಲ್ಲೊಂದು ಪದ: ಪಾಯ್ನ್ಯಂಟ್ ಕಲಿಯುವುದು ಹೇಗೆ?

ನಮ್ಮ ಕಾಸರಗೋಡಿನಲ್ಲಿ ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿ ಪ್ಲಸ್ ವನ್‌ಗೆ ಹೋಗುವ ಮಕ್ಕಳು ಮನಸ್ಸು ಕಲಕುವ ಎಲ್ಲದಕ್ಕೂ 'ಸ್ಯಾಡ್' ಅಂತಲೇ ಬರೆಯುತ್ತಾರೆ. ಅದು ಸಾಲುವುದಿಲ್ಲ. ಪಾಯ್ನ್ಯಂಟ್ ಕಲಿಯಿರಿ.

ಮೊದಲು ಬಾಯಿಗೆ ಬರಲಿ. ಸ್ಪೆಲಿಂಗ್: ಪಿ, ಒ, ಐ, ಜಿ, ಎನ್, ಎ, ಎನ್, ಟಿ. ಜಿ ಕೇಳಿಸಬಾರದು. 'ಪಾಯ್' ಅನ್ನುವಲ್ಲಿ ಒತ್ತು ಕೊಟ್ಟು, 'ನ್ಯಂಟ್' ಹಗುರವಾಗಿ ಹೇಳಿ.

ಆಮೇಲೆ ಅರ್ಥ. ಇದರ ಬೇರು ಲ್ಯಾಟಿನ್‌ನ 'ಪುಂಗೆರೆ', ಅಂದರೆ ಚುಚ್ಚುವುದು. ಟಯರ್ ಪಂಕ್ಚರ್ ಆಯಿತು ಅಂತೀವಲ್ಲ, ಆ ಪಂಕ್ಚರ್ ಕೂಡ ಅದೇ ಬೇರಿನದು, ಹಾಗಾಗಿ ನೆನಪಿಡುವುದು ಸುಲಭ. ಈ ಪದ ಹಾಕಬೇಕಾದರೆ ನೋವು ಇರಬೇಕು, ಅದರ ಜೊತೆ ಪ್ರೀತಿಯೋ ನೆನಪೋ ಸೇರಿರಬೇಕು. ಯಾರಾದರೂ ಅಕ್ಕರೆಯಿಂದ ಏನೋ ಮಾಡಿದರು, ಮನಸ್ಸು ತುಂಬಿ ಬಂತು, ನೋವೇನೂ ಇಲ್ಲ ಅಂದರೆ 'ಟಚಿಂಗ್' ಸಾಕು.

ಜಾಸ್ತಿ ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ, ಇಲ್ಲಿ ಸ್ವಲ್ಪ ನಿಲ್ಲಿ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಕುಂತಿ ಯುದ್ಧಕ್ಕೆ ಮುಂಚೆ ಕರ್ಣನ ಹತ್ತಿರ ಬಂದು ನೀನು ನನ್ನ ಮಗ ಅನ್ನುವ ಹೊತ್ತು ಇದೆಯಲ್ಲ, ಪಾತ್ರದ ಮಾತಾಡುವ ಅರ್ಥಧಾರಿ ಒಳ್ಳೆಯವರಾದರೆ ಇಡೀ ಸಭೆ ಸುಮ್ಮನಾಗುತ್ತದೆ. ಆ ಭೇಟಿ ಪಾಯ್ನ್ಯಂಟ್. ಕೇಳುತ್ತಾ ಕೂತ ನೀವು ಪಾಯ್ನ್ಯಂಟ್ ಅಲ್ಲ! 'ಐ ಫೆಲ್ಟ್ ಪಾಯ್ನ್ಯಂಟ್' ಅಂತ ಬರೆಯಬೇಡಿ. 'ದ ಸೀನ್ ವಾಸ್ ಪಾಯ್ನ್ಯಂಟ್' ಸರಿ, ನಿಮ್ಮ ಬಗ್ಗೆ ಹೇಳಬೇಕಾದರೆ 'ಐ ವಾಸ್ ಮೂವ್ಡ್'.

ಇದರ ಜೊತೆಗೆ ಬರುವ ಪದಗಳನ್ನೂ ಜೋಡಿಯಾಗಿಯೇ ಕಲಿಯಿರಿ: ಪಾಯ್ನ್ಯಂಟ್ ಮೊಮೆಂಟ್, ಪಾಯ್ನ್ಯಂಟ್ ಸ್ಟೋರಿ, ಪಾಯ್ನ್ಯಂಟ್ ರಿಮೈಂಡರ್. ಬಸ್ಸು ತಪ್ಪಿದ್ದಕ್ಕೆ, ಮಾರ್ಕು ಕಡಿಮೆಯಾದದ್ದಕ್ಕೆ ಈ ಪದ ಬೇಡ.

ಕೊನೆಗೆ ನಮ್ಮ ಊರಿನದೇ ಒಂದು ಸಂಗತಿ ಹಿಡಿದು ನೀವೇ ವಾಕ್ಯ ಮಾಡಿ. ಉದಾಹರಣೆಗೆ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈ 2015ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು, ಆ ಆಸೆ ಈಡೇರಲೇ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಪಾಯ್ನ್ಯಂಟ್ ಎಲ್ಲಿ ಬರಬೇಕು ಅಂತ ನೀವೇ ನೋಡಿ, ಆಮೇಲೆ ಟೀಚರಿಗೆ ತೋರಿಸಿ.